ಅಜ್ಜನ ರೆಹಾಲ್ ಮತ್ತು ಅಂಕಪಟ್ಟಿಯಲ್ಲಿದ್ದ ಒಂದು ಹೊಸ ವಿಷಯ

ಕಳೆದ ವರ್ಷ ಪ್ರಥಮ ಪಿಯುಸಿ ದಾಖಲಾತಿ ನಡೆಯುತ್ತಿದ್ದಾಗ ನಮ್ಮ ಕಚೇರಿಯಲ್ಲಿ ಒಂದು ಅಂಕಪಟ್ಟಿ ಮೇಜಿನಿಂದ ಮೇಜಿಗೆ ಓಡಾಡಿತು. ಗಲ್ಫ್‌ನ ಬ್ರಿಟಿಷ್ ಪಠ್ಯಕ್ರಮದ ಶಾಲೆಯೊಂದರಲ್ಲಿ ಹತ್ತರವರೆಗೆ ಓದಿ ಊರಿಗೆ ಮರಳಿದ ಹುಡುಗಿಯದು. ಗಣಿತ, ಭೌತಶಾಸ್ತ್ರ, ಇಂಗ್ಲಿಷ್ ಎಲ್ಲ ಸರಿ. ನಡುವೆ ಒಂದು ಸಾಲು: ‘ಡಿಸೈನ್ ಆ್ಯಂಡ್ ಟೆಕ್ನಾಲಜಿ’. “ಇದು ಡ್ರಾಯಿಂಗಾ ಮೇಡಂ, ಇಲ್ಲ ಕಂಪ್ಯೂಟರಾ?” ಎಂದು ಗುಮಾಸ್ತರು ನನ್ನನ್ನು ಕೇಳಿದರು. ನನಗೂ ಸ್ಪಷ್ಟವಾಗಿ ಗೊತ್ತಿರಲಿಲ್ಲ. ಹುಡುಗಿಯನ್ನೇ ಕೇಳಿದೆ. “ಎರಡೂ ಅಲ್ಲ ಮಿಸ್. ನಾನು ಅದರಲ್ಲಿ ನನ್ನ ಅಜ್ಜನಿಗೆ ರೆಹಾಲ್ ಮಾಡಿದ್ದೆ” ಎಂದಳು.

ಆ ಉತ್ತರದ ಬೆನ್ನು ಹಿಡಿದು ನಾನು ಓದಿಕೊಂಡದ್ದನ್ನು, ಅವಳ ಪ್ರಾಜೆಕ್ಟ್ ಕಡತದಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ದ್ವಿತೀಯ ಪಿಯುಸಿಯ ನಂತರ ಏನು ಎಂದು ಯೋಚಿಸುತ್ತಿರುವವರಿಗೆ ಉಪಯೋಗವಾದೀತು. ಮನೆಯಲ್ಲಿ ಫ್ಯಾನು, ಮಿಕ್ಸಿ, ಸೈಕಲ್ ಬಿಚ್ಚಿ ಬೈಗುಳ ತಿಂದವರಿಗಂತೂ ಇನ್ನೂ ಹೆಚ್ಚು.

ಈ ವಿಷಯದ ತವರು ಇಂಗ್ಲೆಂಡ್. ಅಲ್ಲಿಯ ಶಾಲೆಗಳಲ್ಲಿ ಹಿಂದೆ ಹುಡುಗರಿಗೆ ಮರಗೆಲಸ, ಲೋಹದ ಕೆಲಸ. ಹುಡುಗಿಯರಿಗೆ ಹೊಲಿಗೆ, ಅಡುಗೆ. ಬುದ್ಧಿವಂತರು ಲ್ಯಾಟಿನ್ ಓದಲಿ, ಉಳಿದವರು ಉಳಿ ಹಿಡಿಯಲಿ ಎಂಬ ಭಾವನೆಯೂ ಜೊತೆಗಿತ್ತು. 1988ರ ಶಿಕ್ಷಣ ಸುಧಾರಣಾ ಕಾಯ್ದೆಯ ನಂತರ ರಾಷ್ಟ್ರೀಯ ಪಠ್ಯಕ್ರಮ ಬಂದಾಗ ಈ ಚದುರಿದ ಕಸುಬುಗಳನ್ನೆಲ್ಲ ಒಂದೇ ವಿಷಯದ ಅಡಿ ತಂದು, 1990ರಿಂದ ಹುಡುಗ ಹುಡುಗಿಯರಿಬ್ಬರಿಗೂ ಕಲಿಸಲು ಆರಂಭಿಸಿದರು. ಬದಲಾದದ್ದು ಹೆಸರು ಮಾತ್ರವಲ್ಲ. ಮೊದಲು ಮೇಷ್ಟ್ರು “ಈ ಸ್ಟೂಲು ಮಾಡಿ” ಎಂದು ನಕ್ಷೆ ಕೊಡುತ್ತಿದ್ದರು, ಎಲ್ಲರೂ ಅದೇ ಸ್ಟೂಲು ಮಾಡುತ್ತಿದ್ದರು. ಹೊಸ ವಿಷಯದಲ್ಲಿ ಮೊದಲ ಪ್ರಶ್ನೆಯೇ ಬೇರೆ: ಯಾರಿಗೆ ಬೇಕು? ಏಕೆ ಬೇಕು? ಸ್ಟೂಲೇ ಆಗಬೇಕೆ?

ಈಗಿನ ಜಿ.ಸಿ.ಎಸ್.ಇ., ಅಂದರೆ ಅವರ ಹದಿನಾರನೇ ವಯಸ್ಸಿನ ಪಬ್ಲಿಕ್ ಪರೀಕ್ಷೆಯಲ್ಲಿ, ಈ ವಿಷಯಕ್ಕೆ ಅರ್ಧ ಅಂಕ ಬರವಣಿಗೆಯಿಂದ, ಅರ್ಧ ಅಂಕ ಪ್ರಾಜೆಕ್ಟಿನಿಂದ. ಬರವಣಿಗೆ ಎರಡು ಗಂಟೆಯದು. ಮರ, ಲೋಹ, ಪ್ಲಾಸ್ಟಿಕ್, ಬಟ್ಟೆ, ಕಾಗದದ ಗುಣಗಳು. ಸನ್ನೆ ಮತ್ತು ಗೇರು. ಸಂವೇದಕ ಇರುವ ಸರಳ ಮಂಡಲಗಳು. ಒಂದು ವಸ್ತುವನ್ನು ಹತ್ತು ಮಾಡುವಾಗ ಯಾವ ವಿಧಾನ, ಹತ್ತು ಸಾವಿರ ಮಾಡುವಾಗ ಯಾವ ವಿಧಾನ. ಬಳಸಿ ಬಿಸಾಡಿದ ಮೇಲೆ ಅದರ ಗತಿ ಏನು. ಇದರಲ್ಲಿ ಕನಿಷ್ಠ ಶೇ. 15 ಅಂಕ ಗಣಿತಕ್ಕೆ ಮೀಸಲು. “ಗಣಿತ ಬಾರದವರ ವಿಷಯ” ಎಂದು ಯಾರಾದರೂ ಅಂದುಕೊಂಡಿದ್ದರೆ ಅದು ತಪ್ಪು.

ಪ್ರಾಜೆಕ್ಟ್ ಇನ್ನೂ ಕುತೂಹಲದ್ದು. ಪರೀಕ್ಷಾ ಮಂಡಳಿ ಪ್ರತಿವರ್ಷ ಜೂನ್ 1ರಂದು ಕೆಲವೇ ಪದಗಳ ಸಂದರ್ಭಗಳನ್ನು ಪ್ರಕಟಿಸುತ್ತದೆ. ವೃದ್ಧರ ಬದುಕು, ಸಣ್ಣ ಜಾಗದ ಬಳಕೆ, ಇಂಥವು. ವಿದ್ಯಾರ್ಥಿ ಅದರೊಳಗಿಂದ ಒಬ್ಬ ನಿಜವಾದ ಬಳಕೆದಾರನನ್ನೂ ಅವನ ನಿಜವಾದ ತೊಂದರೆಯನ್ನೂ ಹುಡುಕಬೇಕು. ಸುಮಾರು 30ರಿಂದ 35 ಗಂಟೆ ಕೆಲಸ. ಒಂದು ಪ್ರಮುಖ ಮಂಡಳಿಯ ಅಂಕ ಹಂಚಿಕೆ ನೋಡಿದರೆ ಈ ವಿಷಯದ ಮನಸ್ಸೇ ಅರ್ಥವಾಗುತ್ತದೆ. ನೂರರಲ್ಲಿ ತೊಂದರೆಯನ್ನು ಹುಡುಕಿ ತನಿಖೆ ಮಾಡಿದ್ದಕ್ಕೆ 10, ಏನು ಮಾಡಬೇಕೆಂದು ಖಚಿತವಾಗಿ ಬರೆದದ್ದಕ್ಕೆ 10, ಬಗೆಬಗೆಯ ಯೋಚನೆಗಳಿಗೆ 20, ಅವುಗಳನ್ನು ಬೆಳೆಸಿದ್ದಕ್ಕೆ 20, ವಸ್ತುವನ್ನು ಮಾಡಿದ್ದಕ್ಕೆ 20, ಪರೀಕ್ಷಿಸಿ ವಿಮರ್ಶಿಸಿದ್ದಕ್ಕೆ 20. ಅಂದರೆ ಕೊನೆಗೆ ಕೈಯಲ್ಲಿ ಹಿಡಿದು ತೋರಿಸುವ ವಸ್ತುವಿಗೆ ಐದರಲ್ಲಿ ಒಂದು ಪಾಲು ಮಾತ್ರ! ಅಂಗಡಿಯಿಂದ ಚೆಂದದ ಮಾಡೆಲ್ ತಂದು ಪ್ರದರ್ಶನಕ್ಕಿಡುವ ನಮ್ಮ ಅಭ್ಯಾಸಕ್ಕೆ ಅಲ್ಲಿ ಉಳಿಗಾಲವಿಲ್ಲ.

ನಮ್ಮ ಹುಡುಗಿ ಓದಿದ್ದು ಇದರ ಅಂತಾರಾಷ್ಟ್ರೀಯ ರೂಪ. ಅದರಲ್ಲೂ ಅರ್ಧ ಅಂಕ ಪ್ರಾಜೆಕ್ಟಿಗೆ. ಈಗ ಅವಳ ರೆಹಾಲಿಗೆ ಬರೋಣ.

ರೆಹಾಲ್ ಎಂದರೆ ಕುರ್‌ಆನ್ ಇಟ್ಟು ಓದುವ, ಇಂಗ್ಲಿಷಿನ ಎಕ್ಸ್ ಅಕ್ಷರದಂತೆ ತೆರೆದುಕೊಳ್ಳುವ ಮರದ ಪೀಠ. ಮದ್ರಸಕ್ಕೆ ಹೋದವರಿಗೆ ಹೇಳಬೇಕಿಲ್ಲ, ಉಳಿದ ಗೆಳೆಯರಿಗಾಗಿ ಹೇಳಿದೆ. ಒಂದು ಮಾತು ಮಾತ್ರ ಮದ್ರಸಕ್ಕೆ ಹೋದವರೂ ಗಮನಿಸಿರಲಿಕ್ಕಿಲ್ಲ. ಹಳೆಯ ಕ್ರಮದ ರೆಹಾಲ್‌ನಲ್ಲಿ ಮೊಳೆ ಇಲ್ಲ, ತಿರುಪು ಇಲ್ಲ, ಅಂಟೂ ಇಲ್ಲ. ಎರಡು ಹಲಗೆ ಜೋಡಿಸಿದ್ದಲ್ಲ, ಒಂದೇ ಹಲಗೆ. ಅದರ ನಡುವೆ ಒಂದನ್ನೊಂದು ಹಿಡಿದುಕೊಂಡ ಬೆರಳುಗಳಂತೆ ಗೆಣ್ಣುಗಳನ್ನು ಉಳಿಯಿಂದ ಕೊರೆದು, ಎರಡು ತುದಿಗಳಿಂದ ಹಲಗೆಯ ದಪ್ಪವನ್ನೇ ಗರಗಸದಿಂದ ಸೀಳುತ್ತಾ ಗೆಣ್ಣಿನ ತನಕ ಬರುತ್ತಾರೆ. ಆಮೇಲೆ ಎರಡೂ ಕಡೆ ಹಿಡಿದು ಬಿಡಿಸಿದರೆ ಹಲಗೆ ತೆರೆದುಕೊಳ್ಳುತ್ತದೆ. ಬೇರ್ಪಡಿಸಲು ನೋಡಿ, ಆಗುವುದಿಲ್ಲ. ಇದನ್ನು ಮೊದಲು ಯೋಚಿಸಿದ ಬಡಗಿ ಯಾರೋ, ಆತನ ಜ್ಯಾಮಿತಿ ನಮ್ಮಲ್ಲಿ ಅನೇಕರಿಗಿಂತ ಚೆನ್ನಾಗಿತ್ತು ಎನ್ನುವುದಂತೂ ಖಚಿತ.

ಆದರೆ ಈ ಸುಂದರ ವಸ್ತು ನೆಲದ ಮೇಲೆ ಕೂರುವವರಿಗಾಗಿ ಹುಟ್ಟಿದ್ದು. ಹುಡುಗಿಯ ಅಜ್ಜನಿಗೆ ಮೊಣಕಾಲು ನೋವು. ಕೆಲವು ವರ್ಷಗಳಿಂದ ನಮಾಝ್, ಓದು ಎರಡೂ ಕುರ್ಚಿಯ ಮೇಲೆ. ಕುರ್‌ಆನನ್ನು ಕೈಯಲ್ಲಿ ಹಿಡಿದೇ ಓದುತ್ತಿದ್ದರು. ಕೈ ಸೋತಾಗ ತೊಡೆಯ ಮೇಲೆ ದಿಂಬು. ರಜೆಯಲ್ಲಿ ಊರಿಗೆ ಬಂದಿದ್ದ ಮೊಮ್ಮಗಳು ಅದನ್ನು ನೋಡಿದಳು, ಪ್ರಾಜೆಕ್ಟಿಗೆ ವಿಷಯ ಸಿಕ್ಕಿತು.

ಕಡತದ ಮೊದಲ ಪುಟಗಳು ಬರೀ ಅಳತೆ. ಕುರ್ಚಿಯ ಆಸನ ನೆಲದಿಂದ 43 ಸೆಂ.ಮೀ., ಕೈಗಳು 65. ಓದುವ ಕನ್ನಡಕ ಹಾಕಿದಾಗ ಅಕ್ಷರ ಸ್ಪಷ್ಟ ಕಾಣುವುದು ಕಣ್ಣಿನಿಂದ ಸುಮಾರು 40 ಸೆಂ.ಮೀ. ದೂರದಲ್ಲಿ. ಗ್ರಂಥದ ತೂಕ 900 ಗ್ರಾಂ. ಜೊತೆಗೆ ಅಜ್ಜನ ಷರತ್ತುಗಳು: ಕಾಲಿನ ಮಟ್ಟಕ್ಕೆ ಬರಬಾರದು, ಅದರ ಮೇಲೆ ಬೇರೇನೂ ಇಡುವಂತಿರಬಾರದು, ಒಂದೇ ಕೈಯಲ್ಲಿ ಸರಿಸಲು ಆಗಬೇಕು. ಇವನ್ನೆಲ್ಲ ಅವಳು ಹತ್ತು ಅಂಶಗಳ ಪಟ್ಟಿಯಾಗಿ ಬರೆದಿದ್ದಾಳೆ. ಕೊನೆಯಲ್ಲಿ ವಸ್ತುವನ್ನು ಪರೀಕ್ಷಿಸಬೇಕಾದದ್ದು ಈ ಪಟ್ಟಿಯ ಎದುರು ಇಟ್ಟು. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ.

ಮೊದಲ ಮಾದರಿ ರಟ್ಟಿನದು. ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿ ಕೂರುವ ಹಲಗೆ. ಎತ್ತರ ಸರಿ, ಗಟ್ಟಿ, ಮಾಡುವುದೂ ಸುಲಭ. ನಾನಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಅಜ್ಜ ಕೂತರು, ಓದಿದರು, ಸಂತೋಷಪಟ್ಟರು. ಏಳಲು ಹೊರಟಾಗ ಸಿಕ್ಕಿಕೊಂಡರು! ಮೊಣಕಾಲು ನೋವಿರುವವರು ಏಳುವುದೇ ಕುರ್ಚಿಯ ಕೈಗಳನ್ನು ಊರಿ. ಆ ಜಾಗವನ್ನೇ ಹಲಗೆ ನುಂಗಿತ್ತು. ಅಜ್ಜನನ್ನು ಎಷ್ಟು ಸಲ ಸಂದರ್ಶನ ಮಾಡಿದರೂ ಈ ವಿಷಯ ಬಾಯಿಯಿಂದ ಬರುತ್ತಿರಲಿಲ್ಲ, ಏಕೆಂದರೆ ತಾನು ಹೇಗೆ ಏಳುತ್ತೇನೆಂದು ಯಾರೂ ಯೋಚಿಸಿ ಏಳುವುದಿಲ್ಲ. ಕಡತದಲ್ಲಿ ಅವಳು ಇದನ್ನು ಚಿತ್ರ ಸಹಿತ ಒಂದು ಪೂರ್ತಿ ಪುಟ ಬರೆದಿದ್ದಾಳೆ.

ಎರಡನೆಯದು ಎದುರಿಗೆ ನಿಲ್ಲುವ ಸ್ಟ್ಯಾಂಡ್, ಭಾಷಣದ ಪೀಠದ ಹಾಗೆ. ಅದರ ಬುಡ ಅಜ್ಜನ ಪಾದಕ್ಕೆ ತಾಗಿತು. ಅದೇ ಕುರ್ಚಿಯಲ್ಲಿ ನಮಾಝ್ ಮಾಡುವುದರಿಂದ ರುಕೂಅ್‌ಗೆ ಬಾಗಿದಾಗ ತಲೆ ತಾಗುವ ಸಂಭವವೂ ಇತ್ತು. ಪ್ರತಿ ಸಲ ಎತ್ತಿಡಬೇಕು, ಎತ್ತಿಡುವವರು ಬೇಕು.

ಮೂರನೆಯದರಲ್ಲಿ ಸ್ಟ್ಯಾಂಡನ್ನು ಕುರ್ಚಿಯ ಬಲಬದಿಗೆ ಒಯ್ದಳು. ಒಂದು ಕಂಬ, ಅದರ ಮೇಲೆ ಬಾಗಿಲಿನಂತೆ ತಿರುಗುವ ತೋಳು, ತೋಳಿನ ತುದಿಯಲ್ಲಿ ರೆಹಾಲ್. ಬೇಕಾದಾಗ ಎದುರಿಗೆ, ಬೇಡವಾದಾಗ ಪಕ್ಕಕ್ಕೆ. ಇಲ್ಲಿ ನನ್ನ ಭೌತಶಾಸ್ತ್ರ ಬರುತ್ತದೆ. 900 ಗ್ರಾಂ ಎಂದರೆ ಸುಮಾರು 9 ನ್ಯೂಟನ್ ಭಾರ. ಕಂಬದಿಂದ 35 ಸೆಂ.ಮೀ. ದೂರ. ಬಲವನ್ನು ದೂರದಿಂದ ಗುಣಿಸಿ, 3 ನ್ಯೂಟನ್-ಮೀಟರಿಗಿಂತ ಸ್ವಲ್ಪ ಹೆಚ್ಚು. ತೋಳು, ಹಲಗೆಗಳ ತೂಕ ಬೇರೆ. ಕಂಬ ವಾಲಿ ಬೀಳಲು ಇಷ್ಟು ಸಾಕು, ಬಿದ್ದೇ ಬಿತ್ತು. (ಪರೀಕ್ಷೆಗೆ ಇಟ್ಟದ್ದು ಅದೇ ತೂಕದ ಹಳೆಯ ನಿಘಂಟು.) ಬುಡಕ್ಕೆ ಕಬ್ಬಿಣದ ತುಂಡು ಕಟ್ಟಬಹುದಿತ್ತು. ಆದರೆ ಆಗ ಸ್ಟ್ಯಾಂಡನ್ನು ಸರಿಸಲು ಅಜ್ಜಿಗೆ ಆಗುವುದಿಲ್ಲ. ಅವಳು ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ಬುಡದ ಪ್ಲೈವುಡ್ ಹಲಗೆಯನ್ನು ಉದ್ದ ಮಾಡಿ ಕುರ್ಚಿಯ ಕಾಲುಗಳ ಅಡಿಗೆ ತೂರಿಸಿದಳು. ಅಜ್ಜ ಕೂತರೆ ಅವರ ಭಾರವೇ ಸ್ಟ್ಯಾಂಡನ್ನು ಹಿಡಿದುಕೊಳ್ಳುತ್ತದೆ. ಎದ್ದು ಹೋದರೆ ಕುರ್ಚಿಯ ಭಾರವಷ್ಟೇ ಉಳಿಯುತ್ತದೆ, ಆಗ ತೋಳು ಪಕ್ಕಕ್ಕೆ ಮಡಚಿರುತ್ತದೆ. ಭಾರ ಹೊಸದಾಗಿ ತರಲಿಲ್ಲ, ಅಲ್ಲೇ ಇದ್ದದ್ದನ್ನು ಬಳಸಿಕೊಂಡಳು.

ಮೊಮೆಂಟ್ ಆಫ್ ಫೋರ್ಸ್ ಪಾಠವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಸೂತ್ರ ಎಲ್ಲರಿಗೂ ಬರುತ್ತದೆ, ಲೆಕ್ಕವೂ ಬರುತ್ತದೆ. ಬೀಳುತ್ತಿರುವ ಕಂಬದ ಮುಂದೆ ಆ ಸೂತ್ರ ನೆನಪಾಗುವವರು ಎಷ್ಟು ಮಂದಿಯೋ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಪರೀಕ್ಷೆಯೇ ನಮ್ಮಲ್ಲಿಲ್ಲ.

ಹಾಗೆಂದು ಇಂಗ್ಲೆಂಡಿನಲ್ಲಿ ಎಲ್ಲ ಚೆನ್ನಾಗಿದೆ ಎಂದು ತಿಳಿಯಬೇಡಿ. 2004ರವರೆಗೆ ಈ ವಿಷಯ ಹದಿನಾರರ ತನಕ ಕಡ್ಡಾಯವಿತ್ತು, ಆಮೇಲೆ ಹದಿನಾಲ್ಕು ದಾಟಿದವರಿಗೆ ಐಚ್ಛಿಕವಾಯಿತು. 2010ರಲ್ಲಿ ಅಲ್ಲಿಯ ಸರ್ಕಾರ ಶಾಲೆಗಳನ್ನು ಅಳೆಯಲು ‘ಇಂಗ್ಲಿಷ್ ಬ್ಯಾಕಲಾರಿಯೇಟ್’ ಎಂಬ ಮಾನದಂಡ ತಂದಿತು. ಅದರಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನ, ಒಂದು ಭಾಷೆ, ಇತಿಹಾಸ ಅಥವಾ ಭೂಗೋಳ ಮಾತ್ರ. ಲೆಕ್ಕಕ್ಕೆ ಬಾರದ ವಿಷಯಕ್ಕೆ ಯಾವ ಶಾಲೆ ಸಮಯ ಕೊಡುತ್ತದೆ? ಕಾರ್ಯಾಗಾರಕ್ಕೆ ಖರ್ಚು, ಕಲಿಸುವವರ ಕೊರತೆ ಬೇರೆ. ಈ ಪರೀಕ್ಷೆ ತೆಗೆದುಕೊಳ್ಳುವವರ ಸಂಖ್ಯೆ ಅರ್ಧಕ್ಕಿಂತ ಎಷ್ಟೋ ಕೆಳಗಿಳಿದಿದೆ. ಅಂಕ ಎಲ್ಲಿ ಎಣಿಕೆಯಾಗುತ್ತದೋ ಅಲ್ಲಿಗೇ ಎಲ್ಲರೂ ಓಡುವುದು ನಮ್ಮೂರಿನ ಕಾಯಿಲೆ ಮಾತ್ರವಲ್ಲ ಎಂದು ತಿಳಿದು ನನಗೆ ಒಂದು ಬಗೆಯ ಸಮಾಧಾನವೇ ಆಯಿತು.

ನಮ್ಮ ದೇಶಕ್ಕೂ ಈ ವಿಚಾರ ಹೊಸದಲ್ಲ. 1937ರ ಅಕ್ಟೋಬರಿನಲ್ಲಿ ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದರು. ಅದರ ಯೋಜನೆ ರೂಪಿಸುವ ಸಮಿತಿಗೆ ಅಧ್ಯಕ್ಷರಾದವರು ಆಗ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾವನ್ನು ನಡೆಸುತ್ತಿದ್ದ ಡಾ. ಝಾಕಿರ್ ಹುಸೇನ್, ಮುಂದೆ 1967ರಲ್ಲಿ ರಾಷ್ಟ್ರಪತಿಯಾದವರು. ಏಳು ವರ್ಷ ಉಚಿತ ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ, ಒಂದು ಕಸುಬನ್ನು ಕೇಂದ್ರವಾಗಿಟ್ಟು. ನೂಲುವಾಗ ಲೆಕ್ಕ, ನೇಯುವಾಗ ಇತಿಹಾಸ, ಬೆಳೆ ಬೆಳೆಯುವಾಗ ವಿಜ್ಞಾನ. ಮಕ್ಕಳು ಮಾಡಿದ ವಸ್ತುಗಳ ಮಾರಾಟದಿಂದಲೇ ಶಾಲೆಯ ಖರ್ಚು ಹೊರಡಬೇಕೆಂಬ ಆಸೆ ಗಾಂಧೀಜಿಯವರಿಗಿತ್ತು. ಝಾಕಿರ್ ಸಾಹೇಬರ ವರದಿ ಇಲ್ಲಿ ಎಚ್ಚರಿಕೆ ಹೇಳಿತು: ಹಣದ ಕಡೆಗೆ ಒತ್ತು ಬಿದ್ದರೆ ಕಲಿಕೆಯೇ ಹಿಂದೆ ಬೀಳುವ ಅಪಾಯವಿದೆ ಎಂದು. ಅಪಾಯ ಬೇರೆ ಕಡೆಯಿಂದಲೂ ಬಂತು. ಇದು ಬಡವರ ಮಕ್ಕಳ ಶಿಕ್ಷಣ ಎಂದು ಉಳ್ಳವರು ತೀರ್ಮಾನಿಸಿ ತಮ್ಮ ಮಕ್ಕಳನ್ನು ಬೇರೆ ಶಾಲೆಗೆ ಕಳಿಸಿದರು. ಮುಂದೆ ‘ಕಾರ್ಯಾನುಭವ’ ಎಂದೂ, ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂದೂ ಹೆಸರು ಬದಲಾಯಿಸಿ ವೇಳಾಪಟ್ಟಿಯಲ್ಲಿ ಉಳಿದುಕೊಂಡಿತು. ನಮ್ಮ ಕಾಲದಲ್ಲಿ ಆ ಪೀರಿಯಡ್‌ನಲ್ಲಿ ನಾವು ಮಾಡುತ್ತಿದ್ದದ್ದು ಮೈದಾನದ ಹುಲ್ಲು ಕೀಳುವುದು, ಅಥವಾ ಗಣಿತ ಮೇಷ್ಟ್ರಿಗೆ ಆ ಅವಧಿ ಬಿಟ್ಟುಕೊಡುವುದು.

ಈಗ 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದಿವೆ. ಆರರಿಂದ ಹನ್ನೆರಡನೇ ತರಗತಿಯವರಿಗಾಗಿ, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನ. ತ್ರೀ-ಡಿ ಪ್ರಿಂಟರ್, ಸಂವೇದಕಗಳು ಎಲ್ಲ ಇರುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೇ ತರಗತಿಯ ನಡುವೆ ಹತ್ತು ದಿನ ಚೀಲವಿಲ್ಲದೆ ಬಂದು ಊರಿನ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎನ್ನುತ್ತದೆ. ಒಳ್ಳೆಯದೇ. ಆದರೆ ಪ್ರಿಂಟರ್ ಇರುವ ಕೋಣೆಯೇ ವಿನ್ಯಾಸದ ಶಿಕ್ಷಣವಾಗುವುದಿಲ್ಲ. ಹುಡುಗಿಯ ಮೂರು ಮಾದರಿಗಳೂ ರಟ್ಟು, ಗೋಂದು, ಪ್ಲೈವುಡ್ಡಿನ ತುಂಡುಗಳಲ್ಲೇ ಹುಟ್ಟಿದ್ದು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಪ್ರತಿ ವರ್ಷ ದಾಖಲಾತಿ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ಕೆಲವರು ‘ಬಿಸಿನೆಸ್’ ಎಂದು ಬರೆಯುತ್ತಾರೆ. ಮಾತಾಡಿಸಿದರೆ ತಂದೆ ಗ್ಯಾರೇಜಿನಲ್ಲಿ, ವೆಲ್ಡಿಂಗ್ ಶಾಪಿನಲ್ಲಿ, ಟೈಲರಿಂಗ್‌ನಲ್ಲಿ ಇರುತ್ತಾರೆ. ಮಗನಿಗೋ ಮಗಳಿಗೋ ಹೇಳಲು ಮುಜುಗರ. ಪ್ರವಾದಿ ಝಕರಿಯಾ(ಅ) ಬಡಗಿಯಾಗಿದ್ದರೆಂದು ಹದೀಸ್‌ನಲ್ಲಿದೆ, ದಾವೂದ್(ಅ) ತಮ್ಮ ಕೈ ದುಡಿಮೆಯಲ್ಲಿ ಉಂಡರೆಂದು ಇನ್ನೊಂದು ಹದೀಸ್‌ನಲ್ಲಿದೆ. ಅದನ್ನು ಕಂಠಪಾಠ ಮಾಡಿದ ಮಕ್ಕಳಿಗೇ ಈ ಮುಜುಗರ! 1206ರಲ್ಲಿ ಅಲ್-ಜಝರಿ ಐವತ್ತು ಯಂತ್ರಗಳ ಗ್ರಂಥ ಬರೆದಾಗ ಯಾವ ಭಾಗವನ್ನು ಯಾವುದರಿಂದ, ಹೇಗೆ ಮಾಡಿ ಕೂಡಿಸಬೇಕು ಎಂದು ಚಿತ್ರ ಸಹಿತ ವಿವರಿಸಿದ. ಕೈ ಕೆಲಸ ಗೊತ್ತಿಲ್ಲದವನಿಗೆ ಅದು ಸಾಧ್ಯವಿರಲಿಲ್ಲ.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾದರೆ ಬೀದರ್‌ನ ಬಿದ್ರಿ. ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ ಸೇರಿದ ಮಿಶ್ರಲೋಹವನ್ನು ಎರಕ ಹೊಯ್ದು, ಕೊರೆದ ಗೆರೆಗಳಲ್ಲಿ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಕಾಯಿಸುತ್ತಾರೆ. ಮಿಶ್ರಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಒಂದು ಲೋಹ ವರ್ತಿಸಿ ಇನ್ನೊಂದು ಸುಮ್ಮನಿರುವ ಈ ಕ್ರಿಯೆಯ ಮೇಲೆ ಇಡೀ ಕಲೆ ನಿಂತಿದೆ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿ ಈ ಕಸುಬಿನವರು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಲವಣ ಗುರುತಿಸಿದರೆ ಅಂಕವಿದೆ, ಮನೆಯಲ್ಲಿ ಕಲಿತ ಈ ಜ್ಞಾನಕ್ಕೆ ಅಂಕಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ವೆಲ್ಡಿಂಗ್ ಶಾಪಿನ ಮಗನಿಗೆ ಲೋಹ ಕಾದಾಗ ಹೇಗೆ ಬಾಗುತ್ತದೆಂದು ನನಗಿಂತ ಚೆನ್ನಾಗಿ ಗೊತ್ತು. ಆ ತಿಳಿವಳಿಕೆ ತರಗತಿಯ ಬಾಗಿಲಿನ ಹೊರಗೇ ಉಳಿಯುತ್ತದೆ. ಈ ವಿಷಯ ನಮ್ಮಲ್ಲಿ ಇಲ್ಲದಿರುವುದರ ದೊಡ್ಡ ನಷ್ಟ ಅದೇ ಎಂದು ನನ್ನ ಅನಿಸಿಕೆ.

ಪಿಯುಸಿಯಲ್ಲಿ ಈ ವಿಷಯ ಇಲ್ಲ, ಆದರೆ ಪಿಯುಸಿ ಆದ ಮೇಲೆ ದಾರಿ ಇದೆ. ವಿನ್ಯಾಸದ ನಾಲ್ಕು ವರ್ಷಗಳ ಪದವಿ ಬಿ.ಡಿಸ್. ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆ ಬರೆದರೆ ಬಾಂಬೆ, ದೆಹಲಿ, ಗುವಾಹಟಿ, ಹೈದರಾಬಾದ್ ಮುಂತಾದ ಐಐಟಿಗಳಲ್ಲಿ ಇದನ್ನು ಓದಬಹುದು. ಕಲಾ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದವರೂ ಬರೆಯಬಹುದು ಎಂಬುದನ್ನು ದಯವಿಟ್ಟು ಗಮನಿಸಿ. ಐಐಟಿ ಎಂದರೆ ವಿಜ್ಞಾನದವರಿಗೆ ಮಾತ್ರ ಎಂದು ನಮ್ಮ ಸಿಬ್ಬಂದಿಯಲ್ಲೇ ಹಲವರು ನಂಬಿದ್ದಾರೆ. ಮೂರು ಗಂಟೆಯ ಪರೀಕ್ಷೆ. ಒಂದು ಭಾಗ ಕಂಪ್ಯೂಟರಿನಲ್ಲಿ, ಇನ್ನೊಂದು ಭಾಗ ಕಾಗದದ ಮೇಲೆ ಚಿತ್ರ. ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಅರ್ಜಿ, ಜನವರಿಯಲ್ಲಿ ಪರೀಕ್ಷೆ. ಅಂದರೆ ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಅರ್ಜಿ ಹಾಕಬೇಕು. ಫಲಿತಾಂಶ ಬಂದ ಮೇಲೆ ಕೇಳಿಕೊಂಡು ಬಂದರೆ ಒಂದು ವರ್ಷ ಹೋಗುತ್ತದೆ. ಎರಡನೆಯದು 1961ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎನ್‌ಐಡಿ. ಅದರ ಪ್ರವೇಶ ಪರೀಕ್ಷೆ ಎರಡು ಹಂತದ್ದು, ಅದಕ್ಕೂ ಯಾವ ವಿಭಾಗದವರಾದರೂ ಸರಿ. ವಾಸ್ತುಶಿಲ್ಪ ಬೇಕಾದವರಿಗೆ ನಾಟಾ ಪರೀಕ್ಷೆ. ಅದಕ್ಕೆ ಮಾತ್ರ ಗಣಿತ, ಭೌತಶಾಸ್ತ್ರ ಓದಿರಬೇಕು. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ನೀವೇ ಓದಿಕೊಳ್ಳಿ. ಶುಲ್ಕ ಕಡಿಮೆಯಲ್ಲ, ಅದನ್ನು ಮುಚ್ಚಿಟ್ಟು ಬರೆಯಲಾರೆ. ವಿದ್ಯಾರ್ಥಿವೇತನದ ವಿಚಾರಕ್ಕೆ ಕಚೇರಿಗೆ ಬನ್ನಿ, ಸೇರಿ ಹುಡುಕೋಣ.

ಚಿತ್ರ ಬಿಡಿಸಲು ಬರುವುದಿಲ್ಲ ಎಂದು ಹೆದರುವವರು ಬಹಳ. ಈ ಕಡತದ ಚಿತ್ರಗಳನ್ನು ನೋಡಿದರೆ ಆ ಹೆದರಿಕೆ ಹೋಗುತ್ತದೆ. ಗೆರೆ ವಕ್ರ, ಅಜ್ಜನ ಮುಖ ಆಲೂಗಡ್ಡೆ. ಆದರೆ ಬಾಣದ ಗುರುತು, ಅಳತೆ, ಬದಿಯ ಟಿಪ್ಪಣಿ ಎಲ್ಲ ಖಚಿತ. ನೋಡಿ ಇನ್ನೊಬ್ಬರು ಅದೇ ವಸ್ತು ಮಾಡಬಹುದು.

ಹುಡುಗಿ ಈಗ ನಮ್ಮಲ್ಲಿ ವಾಣಿಜ್ಯ ವಿಭಾಗದಲ್ಲಿದ್ದಾಳೆ. ಈ ಲೇಖನಕ್ಕೆ ಒಪ್ಪಿಗೆ ಕೇಳಲು ಕರೆದಾಗ ರೆಹಾಲ್ ಹೇಗಿದೆ ಎಂದು ವಿಚಾರಿಸಿದೆ. ಅಜ್ಜ ದಿನಾ ಫಜ್ರ್ ಆದ ಮೇಲೆ ಅದರಲ್ಲೇ ಓದುತ್ತಾರಂತೆ. ಆದರೆ ಫ್ಯಾನ್ ಹಾಕಿದರೆ ಪುಟ ಹಾರುತ್ತದೆ, ಕ್ಲಿಪ್ ಹಾಕಲು ಅವರು ಒಪ್ಪುವುದಿಲ್ಲ, ಗ್ರಂಥಕ್ಕೆ ಕ್ಲಿಪ್ ಕಚ್ಚಿಸುವುದು ಅದಬಲ್ಲ ಎನ್ನುತ್ತಾರೆ. ತೋಳು ಸ್ವಲ್ಪ ಕೆಳಗಿಳಿದಿದೆ, ತಿರುಗಣೆಯ ವಾಷರ್ ಸವೆದಿರಬೇಕು. ಅಜ್ಜಿ ಬುಡದ ಹಲಗೆಗೆ ಎಡವುತ್ತಾರೆ. ಈ ಮೂರನ್ನೂ ಅವಳು ಒಂದು ಕಾಗದದಲ್ಲಿ ಬರೆದುಕೊಂಡು ಬಂದಿದ್ದಳು. ಪುಟದ ವಿಷಯಕ್ಕೆ ಎರಡೂ ಬದಿ ತೆಳ್ಳನೆಯ ಅಂಚು ಎತ್ತರಿಸಿದರೆ ಆದೀತೇ ಎಂದು ಯೋಚಿಸುತ್ತಿದ್ದಾಳೆ. ರಟ್ಟು ಬೇಕಿತ್ತು, ಪ್ರಯೋಗಾಲಯದಲ್ಲಿದ್ದ ಖಾಲಿ ಪೆಟ್ಟಿಗೆ ಕೊಟ್ಟು ಕಳಿಸಿದೆ.